ಫುಲೆ ವಾಡೆಗೆ ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ

ನಾನು ಬಡಗಿ. ಇಂಡಿ ತಾಲೂಕಿನ ಒಂದು ಊರಿನಿಂದ ಪುಣೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಪ್ಲೈವುಡ್, ಬೀಡಿಂಗ್ ಪಟ್ಟಿ, ಬಿಜಾಗರಿ ತರಲು ತಿಂಗಳಿಗೆ ಎರಡು ಸಲವಾದರೂ ಟಿಂಬರ್ ಮಾರ್ಕೆಟ್ಟಿಗೆ ಹೋಗಬೇಕು. ಸಾಮಾನು ಟೆಂಪೊಗೆ ಏರುವವರೆಗೆ ಅರ್ಧ ಮುಕ್ಕಾಲು ಗಂಟೆ ಕೈ ಖಾಲಿ. ಅಂಥ ಒಂದು ಹೊತ್ತಿನಲ್ಲಿ ಗಂಜ ಪೇಟೆಯ ಓಣಿಯೊಳಗೆ ಸುಮ್ಮನೆ ನಡೆಯುತ್ತ ಹೋದವನಿಗೆ, ಹತ್ತೊಂಬತ್ತನೆಯ ಶತಮಾನದಲ್ಲೇ ಹೆಣ್ಣುಮಕ್ಕಳಿಗೂ ಅಸ್ಪೃಶ್ಯರಿಗೂ ಶಾಲೆ ತೆರೆದ ಮಹಾತ್ಮಾ ಜೋತಿರಾವ್ ಫುಲೆಯವರ ಮನೆ ಕಣ್ಣಿಗೆ ಬಿತ್ತು. ಅಷ್ಟರಲ್ಲಾಗಲೇ ಹನ್ನೊಂದು ವರ್ಷ ಆ ಓಣಿಯ ಪಕ್ಕದಲ್ಲೇ ಓಡಾಡಿದ್ದೆ. ಒಳಗೆ ಏನಿದೆ ಎಂದು ಯಾರೂ ಹೇಳಿರಲಿಲ್ಲ.

ಆಮೇಲಿಂದ ವರ್ಷಕ್ಕೆ ಮೂರ್ನಾಲ್ಕು ಸಲ ನಮ್ಮವರ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತೇನೆ. ನಮ್ಮವರು ಅಂದರೆ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ವಾರ್ಜೆ, ಕಾತ್ರಜ್, ಧಾಯರಿ ಸುತ್ತ ಶೆಡ್ಡು ಹಾಕಿಕೊಂಡಿರುವ ಗೌಂಡಿಗಳು, ಸೆಂಟ್ರಿಂಗ್ ಕೆಲಸದವರು, ಫರಸಿ ಹಾಸುವವರು. ಈಗ ಬೇರೆ ಕಡೆಯ ಕನ್ನಡದವರೂ ‘ನಾವೂ ಒಯ್ಯಬೇಕು, ಹೆಂಗ ಮಾಡೋದು ಹೇಳ್ರಿ’ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇ ಬಿಡೋಣ ಎಂದು ಕೂತಿದ್ದೇನೆ.

ಮೊದಲು ನೀವೊಬ್ಬರೇ ಹೋಗಿ ಬನ್ನಿ. ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ, ಮಕ್ಕಳನ್ನು ಎಲ್ಲಿ ಕೂರಿಸಬಹುದು ಎಂದು ಅಲ್ಲಿರುವವರನ್ನೇ ಕೇಳಿ. ಸ್ವಾರಗೇಟಿಗೆ ಬಸ್ಸಿನಲ್ಲಿ ಬಂದು ನಡೆದರೂ ಆದೀತು, ಮೆಟ್ರೊದಲ್ಲಿ ಮಂಡಈ ನಿಲ್ದಾಣಕ್ಕೆ ಇಳಿದು ಬಂದರೂ ಆದೀತು. ಗಂಜ ಪೇಟೆಗೆ ಈಗ ಮಹಾತ್ಮಾ ಫುಲೆ ಪೇಟೆ ಎಂದೇ ಹೆಸರು. ‘ಫುಲೆ ವಾಡಾ’ ಎಂದರೆ ಯಾರಾದರೂ ಕೈ ಮಾಡಿ ತೋರಿಸುತ್ತಾರೆ. ಮನೆಯ ಅಂಗಳಕ್ಕೆ ‘ಸಮತಾ ಭೂಮಿ’ ಎಂದೂ ಅನ್ನುತ್ತಾರೆ.

ಹನ್ನೆರಡಕ್ಕಿಂತ ಹೆಚ್ಚು ಮಕ್ಕಳು ಬೇಡ. ಮೊದಲ ಸಲ ನಾನು ಹದಿನೇಳು ಮಂದಿಯನ್ನು ಒಯ್ದಿದ್ದೆ. ಎಣಿಸುವುದರಲ್ಲೇ ನನ್ನ ದಿನ ಕಳೆಯಿತು. ಒಂಬತ್ತು ವರ್ಷ ದಾಟಿದ ಮಕ್ಕಳಾದರೆ ಒಳ್ಳೆಯದು. ಇಬ್ಬರು ಮೂವರು ತಾಯಂದಿರು ಜೊತೆಗಿರಲೇಬೇಕು, ಯಾಕೆ ಎಂದು ಮುಂದೆ ಹೇಳುತ್ತೇನೆ. ಏಪ್ರಿಲ್ 11 ಜೋತಿರಾಯರ ಜಯಂತಿ, ನವೆಂಬರ್ 28 ಅವರ ಪುಣ್ಯತಿಥಿ, ಜನವರಿ 3 ಅವರ ಹೆಂಡತಿ ಸಾವಿತ್ರಿಬಾಯಿಯವರ ಜಯಂತಿ. ಆ ದಿನಗಳಲ್ಲಿ ಜನವೋ ಜನ. ಅದನ್ನೂ ಒಮ್ಮೆ ನೋಡಬೇಕು ನಿಜ, ಆದರೆ ಮಕ್ಕಳ ಮೊದಲ ಭೇಟಿಗೆ ಯಾವುದಾದರೂ ಸಾದಾ ಭಾನುವಾರದ ಬೆಳಗು ಇರಲಿ. ಪ್ರತಿ ಮಗುವೂ ಮನೆಯಿಂದಲೇ ಒಂದು ಬಾಟಲಿ ನೀರು ತುಂಬಿಕೊಂಡು ಬರಲಿ. ಅಂಗಡಿಯ ನೀರು ಬೇಡ, ಮನೆಯ ನಳದ ನೀರು. ಅದು ಕೆಲಸಕ್ಕೆ ಬರುತ್ತದೆ.

ಒಳಗೆ ಹೋದ ಕೂಡಲೇ ಮಕ್ಕಳು ಗೋಡೆಯ ಮೇಲಿನ ಚಿತ್ರಗಳ ಕಡೆ ಓಡುತ್ತಾರೆ. ತಡೆಯಿರಿ. ಚಿತ್ರಗಳಿಂದ ಶುರು ಮಾಡಿದರೆ ಜೋತಿರಾಯರೂ ಶಾಲೆಯ ಗೋಡೆಗೆ ತೂಗುಹಾಕಿದ ಇನ್ನೊಬ್ಬ ದೊಡ್ಡ ಮನುಷ್ಯರಾಗಿಬಿಡುತ್ತಾರೆ, ಅಷ್ಟೇ. ಮೊದಲ ಸಲ ನಾನು ಮಾಡಿದ್ದೂ ಅದನ್ನೇ. ಜನನ 1827, ಮರಣ 1890 ಎಂದು ಒಂದೇ ಉಸಿರಿಗೆ ಹೇಳುತ್ತ ಹೋದೆ. ಹುಡುಗರು ಆಕಳಿಸಿದರು. ಈಗ ಸೀದಾ ಬಾವಿಯ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಸಣ್ಣವರ ಕೈ ಗಟ್ಟಿ ಹಿಡಿದುಕೊಳ್ಳಿ, ಎಲ್ಲರಿಗೂ ಬಗ್ಗಿ ನೋಡುವ ಆಸೆ ಇರುತ್ತದೆ.

ಬಾವಿಯ ಹತ್ತಿರ ನಾನು ನನ್ನ ಆಯಿಯ, ಅಂದರೆ ಅಜ್ಜಿಯ, ಮಾತು ಹೇಳುತ್ತೇನೆ. ನಮ್ಮ ಊರಲ್ಲಿ ಆಯಿಯ ಕಾಲಕ್ಕೆ ಊರ ಬಾವಿ ಬೇರೆ, ಕೇರಿಯ ಬಾವಿ ಬೇರೆ. ಬೇಸಿಗೆಯಲ್ಲಿ ಕೇರಿಯ ಬಾವಿ ಬತ್ತಿತೆಂದರೆ ಕೇರಿಯ ಹೆಂಗಸರು ಖಾಲಿ ಕೊಡ ಹಿಡಿದು ಊರ ಬಾವಿಯಿಂದ ಅಷ್ಟು ದೂರ ಸಾಲಾಗಿ ನಿಲ್ಲಬೇಕು. ಹಗ್ಗ ಮುಟ್ಟುವಂತಿಲ್ಲ, ಕಟ್ಟೆ ಹತ್ತುವಂತಿಲ್ಲ. ನೀರು ಸೇದಲು ಬಂದವರಲ್ಲಿ ಯಾರಿಗಾದರೂ ಮನಸ್ಸು ಬಂದರೆ ಮೇಲಿನಿಂದ ಸುರಿಯುತ್ತಿದ್ದರು, ಕೊಡಕ್ಕೆ ಕೊಡ ತಾಗದ ಹಾಗೆ. ಅರ್ಧ ನೀರು ನೆಲಕ್ಕೇ ಹೋಗುತ್ತಿತ್ತು. ‘ನೆಲಾ ಕುಡದದ್ದು ನಾವು ಕುಡದದ್ದಕ್ಕಿಂತ ಜಾಸ್ತಿ’ ಎಂದು ಆಯಿ ಅನ್ನುತ್ತಿದ್ದಳು. ಇಷ್ಟು ಹೇಳಿ ಸುಮ್ಮನಾಗುತ್ತೇನೆ. ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: ‘ಕಾಕಾ, ರಾತ್ರಿ ಯಾರೂ ಇಲ್ದಾಗ ಸೇದ್ಕೊಂಡ್ ಬರಬೇಕಿತ್ತಲ್ರಿ?’ ಆಗ ಉತ್ತರ ಕೊಡಲು ಅವಸರ ಮಾಡಬೇಡಿ. ಬೇರೆ ಮಕ್ಕಳು ಏನು ಹೇಳುತ್ತಾರೆ ಕೇಳಿ. ಸಿಕ್ಕಿಬಿದ್ದರೆ ಏನಾಗುತ್ತಿತ್ತು ಎಂದು ತಮ್ಮ ಮನೆಯಲ್ಲಿ ಕೇಳಿಸಿಕೊಂಡ ಮಕ್ಕಳು ನಿಮ್ಮ ಗುಂಪಿನಲ್ಲೇ ಇರುತ್ತಾರೆ.

ಆಮೇಲೆ ಹೇಳಿ: 1868ರಲ್ಲಿ ಈ ಮನೆಯ ಯಜಮಾನರು ತಮ್ಮ ಮನೆಯ ನೀರನ್ನು ಅಸ್ಪೃಶ್ಯರೆನಿಸಿಕೊಂಡವರಿಗೆ ತೆರೆದಿಟ್ಟರು. ಬಂದು ನೀವೇ ತುಂಬಿಕೊಳ್ಳಿ ಎಂದರು. ಇವರು ಸುರಿಯುವುದು, ಅವರು ಬೊಗಸೆ ಒಡ್ಡುವುದು, ಅದಿಲ್ಲ. ಈ ವ್ಯತ್ಯಾಸ ಮಕ್ಕಳಿಗೆ ಬೇಗ ಹೊಳೆಯುತ್ತದೆ, ದೊಡ್ಡವರಿಗೇ ತಡ. ದಾನ ಕೊಡುವವರು ಊರಿಗೆ ನೂರು ಜನ ಸಿಗುತ್ತಾರೆ. ಹಗ್ಗವನ್ನು ಅವರ ಕೈಗೇ ಕೊಡುವುದು ಬೇರೆಯೇ ಮಾತು. ಇದಾಗಿ ಐವತ್ತೊಂಬತ್ತು ವರ್ಷಕ್ಕೆ, 1927ರ ಮಾರ್ಚ್ 20ರಂದು, ಬಾಬಾಸಾಹೇಬ ಅಂಬೇಡ್ಕರರು ಅಸ್ಪೃಶ್ಯರಿಗೆ ಮುಟ್ಟಗೊಡದ ಮಹಾಡದ ಚವದಾರ ಕೆರೆಗೆ ಇಳಿದು ನೀರು ಮುಟ್ಟಿದರು ಎಂಬುದನ್ನೂ ಇಲ್ಲೇ ಹೇಳುತ್ತೇನೆ. ಫುಲೆಯವರನ್ನು ತಮ್ಮ ಗುರು ಎಂದು ಅವರೇ ಹೇಳಿಕೊಂಡಿದ್ದರು.

ಈಗ ಬಾಟಲಿಗಳನ್ನು ತೆಗೆಸಿ. ಜೋತಿರಾಯರು ಬರೀ ಮಾಸ್ತರರಾಗಿರಲಿಲ್ಲ, ಗುತ್ತಿಗೆದಾರರೂ ಆಗಿದ್ದರು. ಕಾತ್ರಜ್ ಘಾಟಿನ ಸುರಂಗ, ಯರವಡಾದ ಸೇತುವೆ, ಖಡಕವಾಸಲಾ ಅಣೆಕಟ್ಟು, ಇಂಥ ಕೆಲಸಗಳಲ್ಲಿ ಅವರ ಗುತ್ತಿಗೆ ಇತ್ತು. ಸೈಟಿನಲ್ಲಿ ಬೆಳೆದ ಮಕ್ಕಳು ಇದನ್ನು ಕೇಳಿದಾಗ ಅವರ ಕಣ್ಣು ನೋಡಬೇಕು. ‘ಕಾಂಟ್ರಾಕ್ಟರ್ ಇದ್ರೇನ್ರಿ?’ ಹೌದು, ಕಾಂಟ್ರಾಕ್ಟರ್. ಕೂಲಿಗಳ ಕಷ್ಟ ಕಣ್ಣಾರೆ ಕಂಡವರು, ಅದನ್ನು ಬರೆದವರು. ಪುಣೆ ಇವತ್ತು ಕುಡಿಯುವುದು ಖಡಕವಾಸಲಾದ ನೀರನ್ನೇ. ನಿಮ್ಮ ಬಾಟಲಿಯಲ್ಲಿರುವುದೂ ಅದೇ, ಕುಡಿಯಿರಿ ಎನ್ನುತ್ತೇನೆ. ಕುಡಿಯುತ್ತಾರೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಒಂದು ವರ್ಷ ನಾನು ಮಕ್ಕಳಿಂದ ಆಟ ಆಡಿಸಲು ಹೋದೆ. ನಾಲ್ವರನ್ನು ‘ಊರವರು’ ಮಾಡಿ ಬಾಟಲಿ ಕೊಟ್ಟೆ, ಉಳಿದವರನ್ನು ದೂರ ನಿಲ್ಲಿಸಿ ಬೊಗಸೆ ಒಡ್ಡಲು ಹೇಳಿದೆ. ಮನಸ್ಸಿಗೆ ಇನ್ನೂ ಚೆನ್ನಾಗಿ ನಾಟಲಿ ಎಂಬುದು ನನ್ನ ಲೆಕ್ಕ. ಬಾಟಲಿ ಹಿಡಿದ ಹುಡುಗನೊಬ್ಬ ಎರಡೇ ನಿಮಿಷದಲ್ಲಿ ನಗುತ್ತ ನೀರನ್ನು ಬೇಕೆಂದೇ ನೆಲಕ್ಕೆ ಚೆಲ್ಲತೊಡಗಿದ. ಎದುರಿಗಿದ್ದ ಹುಡುಗಿ ಕೈ ಕೆಳಗಿಳಿಸಿ ಬಾವಿಯ ಆಚೆ ಹೋಗಿ ನಿಂತಳು. ಕರೆದರೂ ಬರಲಿಲ್ಲ. ಅವಳ ತಾಯಿ ನನಗೆ ಹೇಳಿದ್ದು ಒಂದೇ ಮಾತು: ‘ಅಣ್ಣಾ, ಅಕಿಗಿ ಇದು ಆಟ ಅಲ್ಲ, ಹ್ವಾದ ವರ್ಸ ಊರಾಗ ಆಗೇದ.’ ಅವತ್ತಿನಿಂದ ಆ ಆಟ ಬಿಟ್ಟೆ. ನೀವೂ ಮಾಡಬೇಡಿ. ಅವಮಾನವನ್ನು ಕಲಿಸಲು ಅವಮಾನ ಮಾಡಿ ತೋರಿಸುವ ಅಗತ್ಯವಿಲ್ಲ. ಉಂಡವರಿಗೆ ಅದು ಮತ್ತೆ ಉಣಿಸಿದ ಹಾಗೆ, ಉಣದವರಿಗೆ ಬರೀ ಮೋಜು.

ಇನ್ನು ಮನೆಯೊಳಗೆ. ಹಂಚಿನ ಮಾಡು, ಮರದ ಕಂಬಗಳು, ದೊಡ್ಡ ಶ್ರೀಮಂತಿಕೆಯೇನೂ ಇಲ್ಲದ ಮನೆ. ಬಡಗಿಯಾದ್ದರಿಂದ ನಾನು ಕಂಬದ ಮುಂದೆ ನಿಲ್ಲದೆ ಮುಂದೆ ಹೋಗಲಾರೆ. ಈ ಹೊಸ್ತಿಲು ಯಾರು ಯಾರನ್ನು ಒಳಗೆ ಬಿಟ್ಟುಕೊಂಡಿತ್ತು ಎಂದು ಮಕ್ಕಳಿಗೆ ಹೇಳುತ್ತೇನೆ. 1863ರಲ್ಲಿ ಫುಲೆ ದಂಪತಿ ತಮ್ಮ ಮನೆಯಲ್ಲೇ ವಿಧವೆಯರಿಗಾಗಿ ಹೆರಿಗೆಯ ಆಶ್ರಯ ತೆರೆದರು. ಬಸಿರಾದ ವಿಧವೆಯರು ಊರಿಗೆ ಹೆದರಿ ಕೂಸನ್ನು ಕೊಲ್ಲುವುದು ಬೇಡ, ಇಲ್ಲಿ ಬಂದು ಗುಟ್ಟಾಗಿ ಹೆತ್ತು ಹೋಗಿ ಎಂದು ಚೀಟಿ ಅಂಟಿಸಿದರು. ಹಾಗೆ ಬಂದ ಒಬ್ಬ ಬ್ರಾಹ್ಮಣ ವಿಧವೆಯ ಮಗನೇ ಯಶವಂತ. ಮಕ್ಕಳಿಲ್ಲದ ಇವರು ಅವನನ್ನು ದತ್ತು ತೆಗೆದುಕೊಂಡು ಡಾಕ್ಟರ್ ಮಾಡಿದರು. ಎಂಟನೆಯ ಇಯತ್ತೆ ದಾಟಿದ ಮಕ್ಕಳಿದ್ದರೆ ಇದನ್ನು ಹೇಳಿ, ಸಣ್ಣವರಿಗೆ ಬೇಡ.

ಸಾವಿತ್ರಿಬಾಯಿಯವರ ಚಿತ್ರದ ಮುಂದೆ ಮಾತಾಡಬೇಕಾದವರು ನಾವಲ್ಲ, ಮಕ್ಕಳೇ. ತಾಯಂದಿರು ಜೊತೆಗಿರಲಿ ಎಂದದ್ದು ಇದಕ್ಕೆ. ಇಲ್ಲಿಯ ಫಲಕಗಳು ಮರಾಠಿಯಲ್ಲಿವೆ. ನಮ್ಮ ಮಕ್ಕಳು ಮಹಾನಗರಪಾಲಿಕೆಯ ಮರಾಠಿ ಶಾಲೆಯಲ್ಲಿ ಓದುವವರು, ಪಟಪಟ ಓದುತ್ತಾರೆ. ತಾಯಂದಿರಲ್ಲಿ ಹೆಚ್ಚಿನವರಿಗೆ ಕನ್ನಡ ಮಾತಷ್ಟೇ ಗೊತ್ತು, ಅಕ್ಷರವಿಲ್ಲ. ಆದ್ದರಿಂದ ಮಗು ಮರಾಠಿಯಲ್ಲಿ ಓದಿ ತಾಯಿಗೆ ಕನ್ನಡದಲ್ಲಿ ಹೇಳಬೇಕು. ನೀವು ನಡುವೆ ಬಾಯಿ ಹಾಕಬೇಡಿ. ಹತ್ತು ವರ್ಷದ ಹುಡುಗಿ ತನ್ನ ಅವ್ವನಿಗೆ ‘ಇಕಿ ಸಾಲಿಗಿ ಹೋಗೂ ಮುಂದ ಮಂದಿ ಸೆಗಣಿ ಒಗೀತಿದ್ರಂತ, ಕಲ್ಲ ಒಗೀತಿದ್ರಂತ, ಅದಕ್ಕ ಇನ್ನೊಂದ ಸೀರಿ ಚೀಲದಾಗ ಇಟ್ಕೊಂಡ ಹೋಗ್ತಿದ್ಲಂತ’ ಎಂದು ಹೇಳುವಾಗ ಆ ಅವ್ವನ ಕೈ ತನ್ನ ಸೆರಗಿಗೆ ಹೋದದ್ದನ್ನು ನಾನು ನೋಡಿದ್ದೇನೆ.

ಸಾವಿತ್ರಿಬಾಯಿ ಪಾಠ ಹೇಳುತ್ತಿದ್ದ ಹೆಣ್ಣುಮಕ್ಕಳ ಆ ಶಾಲೆ ಶುರುವಾದದ್ದು 1848ರಲ್ಲಿ, ಬುಧವಾರ ಪೇಟೆಯ ಭಿಡೆ ವಾಡೆಯಲ್ಲಿ. ಸಾವಿತ್ರಿಬಾಯಿ ಹುಟ್ಟಿದ್ದು 1831ರಲ್ಲಿ, ಅಂದರೆ ಆಗಿನ್ನೂ ಹದಿನೇಳು. ಇವರ ಕೆಲಸಕ್ಕೆ ಜನ ಸಿಡಿದೆದ್ದರೆಂದು ಜೋತಿರಾಯರ ತಂದೆ ಗಂಡ-ಹೆಂಡತಿ ಇಬ್ಬರನ್ನೂ ಮನೆಯಿಂದ ಹೊರಗೆ ಕಳಿಸಬೇಕಾಯಿತು. ಮುಂದೆ ಅಸ್ಪೃಶ್ಯರೆನಿಸಿಕೊಂಡ ಮಾಂಗ, ಮಹಾರ ಜಾತಿಗಳ ಮಕ್ಕಳಿಗೂ ಶಾಲೆ ತೆರೆದರು.

ಆ ಮಾಂಗರ ಹುಡುಗಿಯೊಬ್ಬಳ ಬರಹವೇ ನನ್ನ ಮಟ್ಟಿಗೆ ಈ ಭೇಟಿಯ ಜೀವ. ಮುಕ್ತಾಬಾಯಿ ಸಾಳವೆ. ಫುಲೆಯವರ ಶಾಲೆಯಲ್ಲಿ ಕಲಿತವಳು, ಹದಿನಾಲ್ಕು ವರ್ಷ. ಮಾಂಗ ಮಹಾರರ ದುಃಖದ ಬಗ್ಗೆ ಅವಳು ಬರೆದ ನಿಬಂಧ 1855ರಲ್ಲಿ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯಿತು. ಮರಾಠಿಯಲ್ಲಿ ಸಿಗುತ್ತದೆ, ಒಂದು ಪ್ರತಿ ತೆಗೆಸಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟುಕೊಳ್ಳಿ. ಅಂಗಳದಲ್ಲಿ ಕೂತು ಓದಿಸಿ. ನಿಮ್ಮ ಗುಂಪಿನಲ್ಲಿ ಹದಿನಾಲ್ಕು ವರ್ಷದ ಹುಡುಗಿ ಇದ್ದರೆ ಅವಳೇ ಓದಲಿ. ವೇದವೆಲ್ಲ ಬ್ರಾಹ್ಮಣರದೇ ಆದರೆ ನಮ್ಮದು ಯಾವ ಪುಸ್ತಕ, ಯಾವ ಧರ್ಮ ಎಂದು ಮುಕ್ತಾಬಾಯಿ ದೇವರನ್ನೇ ಕೇಳುತ್ತಾಳೆ. ತಮ್ಮ ಹೆಂಗಸರು ಹೆರುವಾಗ ತಲೆಯ ಮೇಲೊಂದು ಸೂರಿಲ್ಲದೆ ಮಳೆ ಚಳಿಯಲ್ಲಿ ನರಳುವುದನ್ನು ಬರೆಯುತ್ತಾಳೆ. ಮಹಾರರು ಮಾಂಗರನ್ನು ಕೀಳೆಂದು ಕಾಣುವುದನ್ನೂ ಮುಚ್ಚಿಡುವುದಿಲ್ಲ. ಅದರಲ್ಲಿ ಒಂದು ಮಾತಿದೆ: ದೊಡ್ಡ ದೊಡ್ಡ ಕಟ್ಟಡ ಕಟ್ಟುವಾಗ ನಮ್ಮವರಿಗೆ ಎಣ್ಣೆಯಲ್ಲಿ ಸಿಂಧೂರ ಕಲಸಿ ಕುಡಿಸಿ ಪಾಯದಲ್ಲಿ ಹೂಳುತ್ತಿದ್ದರು ಎಂದು. ಈ ಸಾಲನ್ನು ಮೊದಲ ಸಲ ಓದಿದಾಗ ನನ್ನ ಕೈ ನಡುಗಿತು. ಪಾಯ ತೋಡುವವರ, ಸ್ಲ್ಯಾಬ್ ಹಾಕುವವರ ಮಕ್ಕಳ ಮುಂದೆ ಇದನ್ನು ಓದುವುದೋ ಬೇಡವೋ ಎಂದು ಒಂದು ತಿಂಗಳು ಯೋಚಿಸಿದ್ದೇನೆ. ಹನ್ನೆರಡು ದಾಟಿದವರಿದ್ದರೆ ಓದಿ. ಸಣ್ಣವರಿದ್ದರೆ ಆ ಸಾಲು ಬಿಡಿ. ಓದಿದ ಮೇಲೆ ವಿವರಣೆ ಬೇಡ, ಸ್ವಲ್ಪ ಹೊತ್ತು ಹಾಗೇ ಕೂತಿರಿ.

ಊಟದ ಬುತ್ತಿ ಬಿಚ್ಚುವ ಮೊದಲು ಅಮೆರಿಕದ ಮಾತು ಬರುತ್ತದೆ. ಪುಣೆಯಲ್ಲಿ ಅಮೆರಿಕ ಯಾಕೆ ಎಂದರೆ, ಜೋತಿರಾಯರು 1873ರಲ್ಲಿ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು ಅರ್ಪಿಸಿದ್ದೇ ಅಮೆರಿಕದ ಜನರಿಗೆ. ನೀಗ್ರೊ ಗುಲಾಮರ ಬಿಡುಗಡೆಗಾಗಿ ಸ್ವಾರ್ಥವಿಲ್ಲದೆ ದುಡಿದವರನ್ನು ಮೆಚ್ಚಿ, ನಮ್ಮ ದೇಶದವರೂ ಶೂದ್ರರನ್ನು ಬಿಡಿಸಲು ಅದೇ ದಾರಿ ಹಿಡಿಯಲಿ ಎಂಬ ಆಸೆಯಿಂದ. ಗಂಜ ಪೇಟೆಯ ಹೂವಾಡಿಗರ ಮನೆತನದ ಒಬ್ಬ ಮನುಷ್ಯ ಏಳು ಸಮುದ್ರದ ಆಚೆಯ ಕಪ್ಪು ಜನರನ್ನು ತನ್ನವರೆಂದುಕೊಂಡ. ಅದೇ ವರ್ಷ ಸೆಪ್ಟೆಂಬರ್ 24ರಂದು, ಜಾತಿಯ ಮೇಲುಕೀಳಿನ ವಿರುದ್ಧ ಅವರು ಕಟ್ಟಿದ ಸತ್ಯಶೋಧಕ ಸಮಾಜ ಹುಟ್ಟಿತು.

ನನ್ನ ಮಗಳು ಒಂದು ಸಲ ಕೇಳಿದಳು: ‘ಅಪ್ಪಾ, ಅವ್ರ ಬಿಡುಗಡಿ ಆದ ಮ್ಯಾಲ ಮುಂದ ಏನಾತು?’ ನನಗೆ ಗೊತ್ತಿರಲಿಲ್ಲ. ಅವಳೇ ಓದಿ ನನಗೆ ಹೇಳಿದಳು. 1865ರಲ್ಲಿ ಗುಲಾಮಗಿರಿ ಹೋಯಿತು, ಆದರೆ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರಿಗೇ ಬೇರೆ ಶಾಲೆ, ಕರಿಯರಿಗೇ ಬೇರೆ ಶಾಲೆ, ಬಸ್ಸಿನಲ್ಲಿ ಬೇರೆ ಸೀಟು ಎಂಬ ಕಾನೂನುಗಳು ಬಂದವು. ಕುಡಿಯುವ ನೀರಿನ ನಳ ಸಹ ಬೇರೆ. 1954ರ ಮೇ 17ರಂದು ಅಲ್ಲಿಯ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಹೀಗೆ ಬೇರ್ಪಡಿಸುವುದು ತಪ್ಪು ಎಂದಿತು. 1957ರ ಸೆಪ್ಟೆಂಬರ್ 4ರಂದು ಆರ್ಕನ್ಸಾ ರಾಜ್ಯದ ಲಿಟಲ್ ರಾಕ್ ಊರಿನಲ್ಲಿ ಒಂಬತ್ತು ಕಪ್ಪು ಮಕ್ಕಳು ಸೆಂಟ್ರಲ್ ಹೈಸ್ಕೂಲಿಗೆ ಹೊರಟರು. ಎಲಿಜಬೆತ್ ಎಕ್ಫರ್ಡ್ ಎಂಬ ಹದಿನೈದರ ಹುಡುಗಿ ಒಂಟಿಯಾಗಿ ಬಂದಳು. ಮನೆಯಲ್ಲೇ ಹೊಲಿದ ಹೊಸ ಉಡುಪು, ಎದೆಗೊತ್ತಿಕೊಂಡ ಪುಸ್ತಕ, ಬೆನ್ನ ಹಿಂದೆ ಕಿರುಚುವ ಜನ, ಎದುರಿಗೆ ಬಂದೂಕು ಹಿಡಿದು ದಾರಿ ಕಟ್ಟಿದ ರಾಜ್ಯದ ಸೈನಿಕರು. ಆ ಒಂಬತ್ತೂ ಮಕ್ಕಳು ಇಡೀ ದಿನ ತರಗತಿಯಲ್ಲಿ ಕೂತದ್ದು ಸೆಪ್ಟೆಂಬರ್ 25ರಂದು, ಅದೂ ಕೇಂದ್ರ ಸರ್ಕಾರದ ಸೈನ್ಯದ ಕಾವಲಿನಲ್ಲಿ. ಎಲಿಜಬೆತ್ ನಡೆದು ಬರುತ್ತಿರುವ ಆ ಫೋಟೊ ಎಲ್ಲ ಕಡೆ ಸಿಗುತ್ತದೆ. ದೊಡ್ಡದಾಗಿ ಪ್ರಿಂಟ್ ತೆಗೆಸಿ ಒಯ್ಯಿರಿ, ಸಾವಿತ್ರಿಬಾಯಿಯವರ ಚಿತ್ರದ ಹತ್ತಿರ ಹಿಡಿದು ತೋರಿಸಿ. ನೀವು ಒಂದು ಮಾತೂ ಆಡಬೇಕಾಗಿಲ್ಲ. ಒಬ್ಬ ಹುಡುಗ ಹತ್ತಿರ ಬಂದು, ಎಲಿಜಬೆತ್ತಳ ಹಿಂದೆ ಬಾಯಿ ತೆರೆದು ಕೂಗುತ್ತಿರುವ ಹುಡುಗಿಯ ಮೇಲೆ ಬೆರಳಿಟ್ಟು, ‘ಇಕಿನೂ ಸಾಲಿ ಹುಡುಗಿನೇ ಅದಾಳಲ್ರಿ’ ಎಂದ. ಆ ಮಾತು ನನಗೆ ಹೊಳೆದೇ ಇರಲಿಲ್ಲ.

ಆ ಹೈಸ್ಕೂಲು ಇವತ್ತು ರಾಷ್ಟ್ರೀಯ ಸ್ಮಾರಕ. ಆದರೂ ಒಳಗೆ ಪಾಠ ನಡೆಯುತ್ತಲೇ ಇದೆ. ನಮ್ಮ ಭಿಡೆ ವಾಡೆ ಮಾತ್ರ ವರ್ಷಗಟ್ಟಲೆ ಪಾಳು ಬಿದ್ದಿತ್ತು. ಕೋರ್ಟಿನ ವ್ಯಾಜ್ಯ ಮುಗಿದು 2023ರ ಡಿಸೆಂಬರಿನಲ್ಲಿ ಸ್ಮಾರಕ ಕಟ್ಟುವುದಕ್ಕೆಂದು ಅದನ್ನು ಕೆಡವಿದರು. ಹಳೆಯ ಮರದ ಕೆಲಸ ಬಲ್ಲವನಾಗಿ ನನಗೆ ಸಂಕಟವಾಯಿತು. ತೊಲೆ ಹುಳ ತಿಂದಿದ್ದರೂ ಕಾಲಕ್ಕೆ ಸರಿಯಾಗಿ ಕೈ ಹಾಕಿದ್ದರೆ ಎಷ್ಟೋ ಉಳಿಯುತ್ತಿತ್ತು. ಸಂಜೆ ಹೊತ್ತಿದ್ದರೆ ಮಕ್ಕಳನ್ನು ಅಲ್ಲಿಗೂ ನಡೆಸಿಕೊಂಡು ಹೋಗಿ. ದಗಡೂಶೇಠ ಗಣಪತಿ ಗುಡಿಯ ಎದುರಿಗೇ ಆ ಜಾಗ.

ಹೊರಡುವ ಮೊದಲು ಅಂಗಳದ ಸಮಾಧಿ. ತನ್ನನ್ನು ಮನೆಯ ಅಂಗಳದಲ್ಲೇ ಉಪ್ಪು ಹಾಕಿ ಹೂಳಬೇಕೆಂದು ಜೋತಿರಾಯರು ಗುಂಡಿ ತೋಡಿಸಿಟ್ಟಿದ್ದರು. ವಸತಿಯ ನಡುವೆ ಹೂಳಲು ಪುರಸಭೆ ಒಪ್ಪಲಿಲ್ಲ. ದಹನವೇ ಆಯಿತು, ಅಸ್ಥಿಯನ್ನು ತಂದು ಇಲ್ಲಿಟ್ಟರು. ಅಂತ್ಯಯಾತ್ರೆಯಲ್ಲಿ ಬೆಂಕಿಯ ಮಡಕೆ ಹಿಡಿಯುವ ಹಕ್ಕು ದತ್ತುಮಗನಿಗಿಲ್ಲ ಎಂದು ನೆಂಟರು ತಕರಾರು ತೆಗೆದಾಗ ಸಾವಿತ್ರಿಬಾಯಿ ತಾವೇ ಮಡಕೆ ಹಿಡಿದು ಮುಂದೆ ನಡೆದರು. 1897ರ ಪ್ಲೇಗಿನಲ್ಲಿ ರೋಗ ತಗುಲಿದ ಅಸ್ಪೃಶ್ಯ ಹುಡುಗನೊಬ್ಬನನ್ನು ಬೆನ್ನ ಮೇಲೆ ಹೊತ್ತು ಮಗನ ದವಾಖಾನೆಗೆ ತಂದರು, ಅದೇ ರೋಗದಿಂದ ಮಾರ್ಚ್ 10ರಂದು ತೀರಿಕೊಂಡರು. ಇದನ್ನು ಹೇಳುವಾಗ ನನ್ನ ದನಿ ಪ್ರತಿ ಸಲ ಕಟ್ಟುತ್ತದೆ. ಕಟ್ಟಲಿ ಬಿಡಿ, ಮಕ್ಕಳು ನೋಡಲಿ.

‘ಈಗ ಹಂಗೇನಿಲ್ಲಲ್ರಿ ಕಾಕಾ?’ ಎಂಬ ಪ್ರಶ್ನೆ ಬರುತ್ತದೆ. ಇಲ್ಲ ಎಂದು ಸುಳ್ಳು ಹೇಳಬೇಡಿ. ನಾನು ನನಗಾದದ್ದನ್ನೇ ಹೇಳುತ್ತೇನೆ. ಎರಡು ವರ್ಷದ ಹಿಂದೆ ಒಂದು ಸೊಸೈಟಿಯ ಹನ್ನೊಂದನೇ ಮಜಲೆಯಲ್ಲಿ ವಾರ್ಡ್‌ರೋಬಿನ ಕೆಲಸ. ಸಾಮಾನು ಲಿಫ್ಟಿನಲ್ಲಿ ಹೋಗಬಹುದು, ನಾನು ಹೋಗುವಂತಿಲ್ಲ. ಕೆಳಗಿನ ಕೂಲರಿನ ನೀರು ಹಿಡಿಯಲು ಹೋದರೆ ಕಾವಲುಗಾರ ಕೈ ಅಡ್ಡ ಇಟ್ಟ, ‘ಕೆಲಸದವರು ನೀರು ಮನೆಯಿಂದ ತರಬೇಕು’ ಎಂದ. ಅವನೂ ನಮ್ಮಂಥವನೇ, ಅವನ ಮುಖದಲ್ಲೇ ಸಂಕೋಚವಿತ್ತು. ಮರುದಿನ ನಾನು ಸೊಸೈಟಿಯ ಆಫೀಸಿಗೆ ಮರಾಠಿಯಲ್ಲಿ ಒಂದು ಅರ್ಜಿ ಬರೆದುಕೊಟ್ಟೆ, ಮಗಳು ಶುದ್ಧಪ್ರತಿ ಮಾಡಿದಳು. ಒಂಬತ್ತು ದಿನಕ್ಕೆ ನೀರು ಸಿಕ್ಕಿತು. ಲಿಫ್ಟು ಸಿಗಲಿಲ್ಲ. ಆ ಅರ್ಜಿಯ ಪ್ರತಿಯನ್ನು ಮುಕ್ತಾಬಾಯಿಯ ನಿಬಂಧವಿರುವ ಕವರಿನಲ್ಲೇ ಇಟ್ಟುಕೊಂಡಿದ್ದೇನೆ, ಮಕ್ಕಳು ಕೇಳಿದರೆ ತೋರಿಸುತ್ತೇನೆ.

ಮನೆಗೆ ಕಳಿಸುವಾಗ ಒಂದು ಕೆಲಸ ಕೊಡಿ. ರಾತ್ರಿ ಊರಿಗೆ ಫೋನ್ ಮಾಡಿ ಅಜ್ಜನನ್ನೋ ಆಯಿಯನ್ನೋ ಒಂದೇ ಪ್ರಶ್ನೆ ಕೇಳಲಿ: ನೀವು ಸಣ್ಣವರಿದ್ದಾಗ ನೀರು ಎಲ್ಲಿಂದ ತರುತ್ತಿದ್ದಿರಿ, ಯಾರು ಕೊಡುತ್ತಿದ್ದರು? ಉತ್ತರವನ್ನು ಮರಾಠಿಯಲ್ಲೋ ಕನ್ನಡದಲ್ಲೋ ವಹಿಯಲ್ಲಿ ಬರೆದುಕೊಳ್ಳಲಿ. ಮುಂದಿನ ಭಾನುವಾರ ಎಲ್ಲರೂ ಕೂತು ಓದಿ. ಕಳೆದ ಸಲ, ಹಿಂದೆ ಆಟದಲ್ಲಿ ಬಾಟಲಿ ಹಿಡಿದು ನೀರು ಚೆಲ್ಲಿದ್ದ ಆ ಹುಡುಗ ದೊಡ್ಡವನಾಗಿ ಮತ್ತೆ ಬಂದಿದ್ದ. ಅವನ ವಹಿಯಲ್ಲಿ ಎರಡೇ ಸಾಲಿತ್ತು: ‘ನಮ್ಮ ಆಯಿ ಊರ ಬಾವಿಯಿಂದ ಸೇದುತ್ತಿದ್ದಳಂತೆ. ದೂರ ನಿಂತವರಿಗೆ ಕೊಡುತ್ತಿದ್ದೆಯಾ ಎಂದು ಕೇಳಿದೆ, ಆಯಿ ಫೋನ್ ಇಟ್ಟಳು.’